ಸ್ನೇಹಸಮ್ಮೇಳನದ ನೃತ್ಯವೂ ರಂಗಾಲಂಕಾರವೂ

ದೀಪಾವಳಿಯ ರಜೆ ಮುಗಿದು ಶಾಲೆಯ ಬಾಗಿಲು ತೆರೆಯುತ್ತಲೇ ಮುಂಬಯಿಯ ಕನ್ನಡ ಶಾಲೆಗಳಲ್ಲಿ ಸ್ನೇಹಸಮ್ಮೇಳನದ ಗಾಳಿ ಬೀಸತೊಡಗುವುದು. ಅಧ್ಯಾಪಕರ ಕೊಠಡಿಯಲ್ಲಿ ಆಗ ಕೇಳಿಬರುವ ಮೊದಲನೆಯ ಪ್ರಶ್ನೆ, "ಈ ವರ್ಷ ಯಾವ ಹಾಡು?" ಎಂಬುದು. ಎರಡನೆಯದು, "ವೇಷ ಎಲ್ಲಿಂದ ತರಿಸೋಣ?" ಎಂಬುದು. ರಂಗಾಲಂಕಾರದ ಮಾತು ಬರುವುದು ಎಲ್ಲಕ್ಕಿಂತ ಕೊನೆಗೆ. ಅದೂ ಮುನ್ನಾದಿನ ಸಂಜೆ, ಮಂಟಪದವನು ಕಂಬ ನೆಡಲು ಬಂದು ನಿಂತಾಗ. "ಈ ಸಲ ಮಕ್ಕಳು ಯಾವ ವಿಷಯವನ್ನು ಕುಣಿದು ತೋರಿಸುವರು?" ಎಂದು ಕೇಳುವವರು ವಿರಳ. ಹಾಡು ಮೊದಲು, ವೇಷ ಆಮೇಲೆ, ಅಲಂಕಾರ ಕಟ್ಟಕಡೆಗೆ, ವಸ್ತು ಎಲ್ಲಿಯೂ ಇಲ್ಲ ಎಂಬ ಈ ಕ್ರಮವನ್ನು ತಲೆಕೆಳಗು ಮಾಡುವುದು ಅವಶ್ಯವೆಂದು ನಾವು ಭಾವಿಸುತ್ತೇವೆ. ಇದು ಕೇವಲ ಅಭಿರುಚಿಯ ಮಾತಲ್ಲ. ಯಾವ ಮಗು ರಂಗವನ್ನೇರುವುದು, ಯಾವ ಮಗು ಕೆಳಗೆ ಕುಳಿತು ಚಪ್ಪಾಳೆ ತಟ್ಟುವುದು ಎಂಬುದು ಈ ಕ್ರಮದಿಂದಲೇ ನಿಶ್ಚಯವಾಗುತ್ತದೆ.

ಇಂದಿನ ರೂಢಿಯನ್ನು ವಾಚಕರು ಬಲ್ಲರು. "ಕರ್ನಾಟಕ ವೈಭವ" ಎಂಬ ಹೆಸರಿನಲ್ಲಿ ಒಂದು ನೃತ್ಯ. ಅದರ ಹಿಂದೆ ಹಂಪಿಯ ಕಲ್ಲಿನ ರಥ. ಒಂದು ಬದಿಗೆ ಗೊಮ್ಮಟ, ಇನ್ನೊಂದು ಬದಿಗೆ ಮೈಸೂರಿನ ಅರಮನೆ. ಮುಂದೆ ಬಣ್ಣದ ಪುಗ್ಗೆಗಳ ಕಮಾನು. ಹಂಪಿಯ ರಥದ ಮೇಲೆ ನಮಗೇನೂ ಕೋಪವಿಲ್ಲ. ೨೦೧೭ರಲ್ಲಿ ಹೊರಬಂದ ಐವತ್ತು ರೂಪಾಯಿಯ ನೋಟಿನ ಬೆನ್ನಿನ ಮೇಲೂ ಅದೇ ರಥವಿದೆಯಾದುದರಿಂದ ಅದನ್ನು ನೋಡದ ಮಗು ಈ ದೇಶದಲ್ಲಿಯೇ ಇರಲಾರದು. ಆದರೆ ಕಲ್ಲಿನಲ್ಲಿ ಕಡೆದ ಆ ಮಹಾಕೃತಿಯನ್ನು ಥರ್ಮೋಕೋಲಿನಲ್ಲಿ ಕೊರೆದು, ಗಾಳಿ ಬಂದಾಗ ಚಕ್ರ ಹಾರಿಹೋಗದಂತೆ ಒಬ್ಬ ಹುಡುಗನನ್ನು ಅದರ ಹಿಂದೆ ಕೂಡಿಸುವುದು ನಮ್ಮ ಕಣ್ಣಿಗೆ ವೈಭವವಾಗಿ ಕಂಡಿಲ್ಲ. ೨೦೧೮ರಲ್ಲಿ ಮಹಾರಾಷ್ಟ್ರ ಸರಕಾರ ಅಲಂಕಾರಕ್ಕೆ ಥರ್ಮೋಕೋಲನ್ನು ಬಳಸುವುದನ್ನೇ ನಿಷೇಧಿಸಿತು. ಆ ಜಾಗಕ್ಕೆ ಈಗ ಬೆಳಕಿನ ದೊಡ್ಡ ಪರದೆ ಬಾಡಿಗೆಗೆ ಬಂದಿದೆ. ಗುಂಡಿಯೊತ್ತಿದರೆ ರಥ, ಗುಂಡಿಯೊತ್ತಿದರೆ ಜೋಗದ ಜಲಪಾತ. ಹಿಂದೆ ಜಲಪಾತ ಧುಮುಕುತ್ತಿರುವಾಗ ಮುಂದೆ ಕುಣಿಯುವ ಎಂಟು ವರ್ಷದ ಮಗುವಿನ ಕೈಬೆರಳುಗಳನ್ನು ಯಾರು ನೋಡಬೇಕು?

ನಮ್ಮ ಶಾಲೆಗಳಿಗೆ ಇಂದು ಬರುವ ಮಕ್ಕಳು ಯಾರು ಎಂಬುದನ್ನು ಇಲ್ಲಿ ನೆನೆಯಬೇಕು. ಹಿಂದೆ ಈ ನಗರದ ಕನ್ನಡ ಶಾಲೆಯೆಂದರೆ ಬಹುಮಟ್ಟಿಗೆ ಕರಾವಳಿಯವರ ಶಾಲೆ. ಹಗಲೆಲ್ಲ ಹೋಟೆಲುಗಳಲ್ಲಿ ದುಡಿದ ಹುಡುಗರು ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತರು. ಅವರಿಗೆ ಯಕ್ಷಗಾನವು ತಾಯಿಯ ಮನೆಯ ಸೊತ್ತು. ಸಮ್ಮೇಳನಕ್ಕೆ ವಸ್ತು ಹುಡುಕುವ ತೊಂದರೆಯೇ ಇರಲಿಲ್ಲ. ಆ ಮನೆಗಳ ಮೊಮ್ಮಕ್ಕಳಲ್ಲಿ ಹೆಚ್ಚಿನವರು ಈಗ ಇಂಗ್ಲಿಷ್ ಶಾಲೆಗಳಲ್ಲಿದ್ದಾರೆ. ಖಾಸಗಿ ಸಂಸ್ಥೆಗಳ ಕನ್ನಡ ಶಾಲೆಗಳನ್ನೂ ಮಹಾನಗರಪಾಲಿಕೆಯ ಕನ್ನಡ ಶಾಲೆಗಳನ್ನೂ ಇಂದು ತುಂಬುತ್ತಿರುವವರಲ್ಲಿ ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರದ ಕಡೆಯಿಂದ ಗುಳೆ ಬಂದವರ ಮಕ್ಕಳು ಅನೇಕರು. ತಂದೆ ಗಾರೆಗೆಲಸದಲ್ಲಿ, ತಾಯಿ ಬುಟ್ಟಿ ಹೊರುವುದರಲ್ಲಿ ಅಥವಾ ಮನೆಗೆಲಸದಲ್ಲಿ. ಕೆಲವರು ತಾಂಡಾದ ಲಂಬಾಣಿ ಮಕ್ಕಳು. ಅವರು ಮನೆಯಲ್ಲಾಡುವ ಮಾತೇ ಬೇರೆ, ಬೀದಿಯ ಮಾತು ಮರಾಠಿ ಹಿಂದಿ, ಕನ್ನಡ ಅವರಿಗೆ ಶಾಲೆ ಕೊಟ್ಟ ಭಾಷೆ. ಇವರು ಇಲ್ಲದಿದ್ದರೆ ಹಲವು ಕನ್ನಡ ಶಾಲೆಗಳು ಎಂದೋ ಬೀಗ ಕಂಡಿರುತ್ತಿದ್ದುವು. ಇಂಥ ಮಕ್ಕಳಿಗೆ ಮೈಸೂರಿನ ಅರಮನೆಯೂ ಲಂಡನ್ನಿನ ಅರಮನೆಯೂ ದೂರದಲ್ಲಿ ಸಮಾನವೇ.

ಇನ್ನು ವೇಷದ ವಿಚಾರ. ಹಾಡು ಗೊತ್ತಾದೊಡನೆ ಬಾಡಿಗೆಯ ಅಂಗಡಿಯಿಂದ ವೇಷದ ಚಿತ್ರಗಳು ಬರುವುವು. ಇಷ್ಟು ಬಾಡಿಗೆ, ಇಷ್ಟು ಠೇವಣಿ ಎಂದು ತರಗತಿಯಲ್ಲಿ ಹೇಳಲಾಗುವುದು. ಒತ್ತಾಯವೇನೂ ಇಲ್ಲ, ಇಷ್ಟವಿದ್ದವರು ಕೈಯೆತ್ತಬಹುದು. ಕೈಯೆತ್ತದ ಮಗುವನ್ನು "ನಿನಗೆ ಕುಣಿತ ಇಷ್ಟವಿಲ್ಲವೇನು?" ಎಂದು ಕೇಳಿದರೆ ಅದು "ಇಲ್ಲ" ಎಂದೇ ಹೇಳುವುದು. ಮನೆಯಲ್ಲಿ ಅಪ್ಪನ ಕೂಲಿ ಎಷ್ಟು ದಿನದ್ದು ಬಾಕಿಯಿದೆ ಎಂದು ಎಂಟು ವರ್ಷದ ಮಗುವಿಗೂ ಗೊತ್ತಿರುತ್ತದೆ. ಹೀಗೆ ಯಾರೂ ಹೊರಗಿಡದೆಯೇ ಅರ್ಧ ತರಗತಿ ಹೊರಗುಳಿಯುವುದು. ಇದರಲ್ಲಿ ಇನ್ನೊಂದು ವಿಪರೀತವುಂಟು. "ಲಂಬಾಣಿ ನೃತ್ಯ"ಕ್ಕೆಂದು ಪ್ಲಾಸ್ಟಿಕ್ಕಿನ ಕನ್ನಡಿ ಅಂಟಿಸಿದ ಲಂಗವನ್ನು ಬಾಡಿಗೆಗೆ ತರಿಸುವ ಸಭೆಯಲ್ಲಿಯೇ, ತನ್ನ ಕೈಯಿಂದ ಕನ್ನಡಿ ಹೊಲಿದ ಫೇಟಿಯಾ ಕಾಂಚಳಿಗಳನ್ನು ಟ್ರಂಕಿನಲ್ಲಿ ಮಡಿಸಿಟ್ಟಿರುವ ತಾಯಿಯೊಬ್ಬಳು ಕಡೆಯ ಸಾಲಿನಲ್ಲಿ ಕುಳಿತಿರುವುದುಂಟು. ಆಕೆಯನ್ನು ಯಾರೂ ಕೇಳುವುದಿಲ್ಲ. ಕೇಳದೆ ಆಕೆ ಹೇಳುವವಳಲ್ಲ.

ಆದುದರಿಂದ ವಸ್ತುವನ್ನು ಆರಿಸುವಾಗ ನಾವು ಹಚ್ಚಬೇಕಾದ ಮೊದಲ ಒರೆಗಲ್ಲು ಇದು: ಇದರಲ್ಲಿ ಎಷ್ಟು ಮಕ್ಕಳಿಗೆ ಸ್ಥಳವಿದೆ? ಕುವೆಂಪು ಅವರ ಕಿಂದರಿಜೋಗಿಯನ್ನು ನಮ್ಮ ಶಾಲೆಗಳು ತಲೆಮಾರುಗಳಿಂದ ಆಡಿಕೊಂಡು ಬಂದಿವೆ. ಬ್ರೌನಿಂಗ್ ಕವಿಯ ಕಥೆಯನ್ನು ಅವರು ಬೊಮ್ಮನಹಳ್ಳಿಗೆ ತಂದ ಸೊಗಸು ಅದಕ್ಕೆ ಒಂದು ಕಾರಣ. ಇನ್ನೊಂದು ಕಾರಣವನ್ನು ಪ್ರತಿಯೊಬ್ಬ ಪ್ರಾಥಮಿಕ ಶಾಲೆಯ ಅಧ್ಯಾಪಕನೂ ಬಲ್ಲ. ಅದರಲ್ಲಿ ಇಲಿಗಳಿಗೆ ಲೆಕ್ಕವಿಲ್ಲ! ಹತ್ತು ಮಕ್ಕಳಿದ್ದರೂ ಇಲಿಗಳೇ, ಎಪ್ಪತ್ತು ಮಕ್ಕಳಿದ್ದರೂ ಇಲಿಗಳೇ. ಬೂದು ಬಣ್ಣದ ಹಳೆಯ ಬಟ್ಟೆಗೆ ಒಂದು ಬಾಲ ಕಟ್ಟಿದರೆ ವೇಷ ಮುಗಿಯಿತು. ಪುಣ್ಯಕೋಟಿಯ ಕಥೆಯೂ ಹಾಗೆಯೇ. ಒಂದು ಹಸು, ಒಂದು ಹುಲಿ, ಉಳಿದ ತರಗತಿಯೆಲ್ಲ ದೊಡ್ಡಿಯ ದನಗಳು. ಎತ್ತರದವರು, ಬೆಳ್ಳಗಿನವರು ಮುಂದಿನ ಸಾಲಿಗೆ, ಉಳಿದವರು ಹಿಂದಕ್ಕೆ ಎಂಬ ಕ್ರೂರ ಪದ್ಧತಿಗೆ ಇಂಥ ವಸ್ತುಗಳಲ್ಲಿ ಅವಕಾಶ ಕಡಿಮೆ. ಎರಡನೆಯ ಒರೆಗಲ್ಲೆಂದರೆ, ಮಗು ತನ್ನ ಮನೆಯಿಂದ ಅದಕ್ಕೆ ಏನನ್ನಾದರೂ ತರಬಲ್ಲುದೆ? ಒಂದು ಪದ, ಒಂದು ಹೆಜ್ಜೆ, ಒಂದು ಬಟ್ಟೆ, ಅಜ್ಜಿಯ ಒಂದು ಮಾತು. ತರಲಾರದಾದರೆ ಆ ವಸ್ತು ಎಷ್ಟೇ ಭವ್ಯವಾಗಿರಲಿ, ಅದು ಬಾಡಿಗೆಯದೇ.

ಬರಿಯ ಟೀಕೆ ಸುಲಭವಾದುದರಿಂದ ಒಂದು ವಸ್ತುವನ್ನು ಸೂಚಿಸುವುದು ನಮ್ಮ ಕರ್ತವ್ಯವಾಗಿದೆ. ಅದು ಭೀಮಾನದಿ.

ಈ ಹೊಳೆ ಹುಟ್ಟುವುದು ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ, ಸಹ್ಯಾದ್ರಿಯ ನೆತ್ತಿಯ ಮೇಲೆ. ಅರಬ್ಬೀ ಸಮುದ್ರ ಅಲ್ಲಿಂದ ಬಹು ದೂರವೇನೂ ಅಲ್ಲ. ಆದರೂ ಅದು ಬೆನ್ನು ತಿರುಗಿಸಿ ಪೂರ್ವಕ್ಕೆ ಹೊರಡುತ್ತದೆ. ಆಳಂದಿಯ ಇಂದ್ರಾಯಣಿಯನ್ನು ಕೂಡಿಸಿಕೊಳ್ಳುತ್ತದೆ. ಪಂಢರಪುರದಲ್ಲಿ ಚಂದ್ರನ ಕಲೆಯಂತೆ ಬಾಗಿ ಚಂದ್ರಭಾಗಾ ಎನ್ನಿಸಿಕೊಳ್ಳುತ್ತದೆ. ಮುಂದೆ ಕನ್ನಡನಾಡನ್ನು ಹೊಕ್ಕು ಗಾಣಗಾಪುರದ ಸಂಗಮವನ್ನು ದಾಟಿ, ಸನ್ನತಿಯ ಬಳಿ ಹರಿದು, ಒಟ್ಟು ೮೬೧ ಕಿಲೋಮೀಟರುಗಳ ಪ್ರಯಾಣ ಮುಗಿಸಿ, ರಾಯಚೂರಿನ ಸೀಮೆಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಮಹಾರಾಷ್ಟ್ರದ ಬೆಟ್ಟದ ನೀರು ನಮ್ಮ ಮಕ್ಕಳ ಊರಿಗೆ ಇಳಿಯುತ್ತದೆ. ಆ ಊರಿನ ಜನ ಅದೇ ದಾರಿಯನ್ನು ಹಿಂದುಮುಂದಾಗಿ ಹಿಡಿದು ಬೆಟ್ಟವೇರಿ ಈ ನಗರಕ್ಕೆ ಬರುತ್ತಾರೆ. ೧೮೭೧ರಲ್ಲಿ ಮುಂಬಯಿಯ ರೈಲುಹಾದಿ ರಾಯಚೂರನ್ನು ಮುಟ್ಟಿದಂದಿನಿಂದ ಈ ಏರಿಳಿತಕ್ಕೆ ಕಬ್ಬಿಣದ ಹಳಿಯೇ ಒದಗಿತು. ಇದಕ್ಕಿಂತ ಹತ್ತಿರದ ಕಥೆ ನಮ್ಮ ಶಾಲೆಗೆ ಯಾವುದಿದೆ?

ಈ ವಸ್ತುವಿನೊಳಗೆ ಎಷ್ಟು ಕುಣಿತಗಳು ತಾವಾಗಿಯೇ ಬಂದು ಕೂಡುವುವೆಂಬುದನ್ನು ನೋಡಿರಿ. ಪಂಢರಪುರದಲ್ಲಿ ತಾಳ ಹಿಡಿದ ವಾರಕರಿಗಳ ದಿಂಡಿ. ಅದರ ಎದುರಿನಿಂದ ತಂಬೂರಿ ಗೆಜ್ಜೆಗಳೊಡನೆ ಬರುವ ನಮ್ಮ ಹರಿದಾಸರು. ಪುರಂದರದಾಸರ ಅಂಕಿತದಲ್ಲಿಯೇ ವಿಠಲನಿದ್ದಾನೆ. ಜ್ಞಾನೇಶ್ವರರಾದರೋ ಆ ವಿಠಲನನ್ನೇ ಕನ್ನಡಿಗನೆಂದು ಕರೆದರು. ಒಂದೇ ದೇವರ ಎದುರಿಗೆ ಮರಾಠಿಯ ಹೆಜ್ಜೆಯೂ ಕನ್ನಡದ ಹೆಜ್ಜೆಯೂ ಕೂಡುವ ಈ ದೃಶ್ಯವನ್ನು, ಭಾಷೆಯ ಹೆಸರಿನಲ್ಲಿ ಎರಡು ನಾಡುಗಳು ಮುಖ ಗಂಟುಹಾಕಿಕೊಳ್ಳುವ ಕಾಲದಲ್ಲಿ, ಮುಂಬಯಿಯ ಕನ್ನಡ ಮಕ್ಕಳಲ್ಲದೆ ಇನ್ನಾರು ಆಡಿ ತೋರಿಸಬೇಕು? ಆಮೇಲೆ ಎಳ್ಳಮಾವಾಸ್ಯೆ. ಕಲಬುರಗಿ ಬೀದರಿನ ಕಡೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ನಿಂತ ಬೆಳೆಗೆ ಚರಗ ಚೆಲ್ಲಿ, ಸಜ್ಜೆಯ ರೊಟ್ಟಿ ಭಜ್ಜಿ ಉಣ್ಣುವ ಹಬ್ಬ ಅದು. ಅದು ಬರುವುದು ನಮ್ಮ ಸಮ್ಮೇಳನದ ಆಸುಪಾಸಿನಲ್ಲಿಯೇ, ಡಿಸೆಂಬರ್ ಜನವರಿಯಲ್ಲಿ. ಊರಿಗೆ ಹೋಗಲಾರದ ಮಗು ಇಲ್ಲಿ ರಂಗದ ಮೇಲೆ ಚರಗ ಚೆಲ್ಲಲಿ. ಚೆಲ್ಲುವಾಗ ಕೂಗುವ ಮಾತನ್ನು ನಮ್ಮ ಅಧ್ಯಾಪಕರಿಗಿಂತ ಚೆನ್ನಾಗಿ ಆ ಮಕ್ಕಳ ಅಜ್ಜಿಯರು ಕಲಿಸಬಲ್ಲರು. ಹಲಗೆಯ ಪೆಟ್ಟು, ಡೊಳ್ಳು, ಲಂಬಾಣಿ ಹೆಂಗಸರ ಕುಣಿತ ಎಲ್ಲಕ್ಕೂ ಈ ಹೊಳೆಯ ದಂಡೆಯಲ್ಲಿ ಜಾಗವಿದೆ. ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ ಅಶೋಕನ ಹೆಸರನ್ನೇ ಕೆತ್ತಿದ ಅವನ ಶಿಲ್ಪ ದೊರಕಿತು. ಆ ಕಲ್ಲು ಒಂದು ಕ್ಷಣ ಜೀವ ತಳೆದು ನಿಂತರೆ ಚರಿತ್ರೆಯ ಪಾಠವೂ ಆದಂತಾಯಿತು. ಹೊಳೆಗೆ ಕೋಪವೂ ಉಂಟು. ೨೦೨೦ರ ಅಕ್ಟೋಬರಿನಲ್ಲಿ ಅದು ಉಕ್ಕಿ ದಂಡೆಯ ಊರುಗಳನ್ನು ನುಂಗಿದುದನ್ನು ಕಂಡ ಮಕ್ಕಳು ನಮ್ಮ ಮೇಲಿನ ತರಗತಿಗಳಲ್ಲಿದ್ದರೆ ಆಶ್ಚರ್ಯವಿಲ್ಲ. ಕೊನೆಗೆ ಗುಳೆ: ಗಂಟುಮೂಟೆ, ರೈಲು, ಬೆಟ್ಟ, ಬೆಟ್ಟದಾಚೆಯ ಕಟ್ಟಡಗಳು.

ಇಷ್ಟಕ್ಕೆಲ್ಲ ರಂಗಸಜ್ಜಿಕೆ ಏನು ಬೇಕು? ಬಹಳ ಬೇಡವೆಂಬುದಕ್ಕೆ ದೊಡ್ಡವರ ಮೇಲ್ಪಂಕ್ತಿಯಿದೆ. ೧೯೩೬ರ ಡಿಸೆಂಬರಿನಲ್ಲಿ ಇದೇ ಮಹಾರಾಷ್ಟ್ರದ ಫೈಜಪುರವೆಂಬ ಹಳ್ಳಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಅಲಂಕಾರದ ಹೊಣೆಯನ್ನು ಗಾಂಧೀಜಿ ಶಾಂತಿನಿಕೇತನದ ನಂದಲಾಲ ಬೋಸರಿಗೆ ಒಪ್ಪಿಸಿದರು. ಹಳ್ಳಿಯಲ್ಲಿ ಸಿಕ್ಕುವ ಸಾಮಾನನ್ನೇ ಬಳಸಬೇಕೆಂಬುದು ನಿಬಂಧನೆ. ಬಿದಿರು, ಚಾಪೆ, ಹುಲ್ಲು ಇವುಗಳಿಂದಲೇ ಅವರು ಆ ನಗರವನ್ನು ನಿಲ್ಲಿಸಿದರು. ಮರುಸಲ ೧೯೩೮ರಲ್ಲಿ ಗುಜರಾತಿನ ಹರಿಪುರಕ್ಕೆ ಅವರು ಬರೆದ ಚಿತ್ರಗಳಲ್ಲಿ ರಾಜರಿಲ್ಲ, ರಥಗಳಿಲ್ಲ. ಡೋಲು ಬಾರಿಸುವವನು, ಧಾನ್ಯ ಕುಟ್ಟುವವಳು, ಚರ್ಮದ ಕೆಲಸದವನು ಇಂಥವರಿದ್ದಾರೆ. ಹೋಗಿಬರುವ ಹಳ್ಳಿಗರು ತಮ್ಮನ್ನೇ ಗೋಡೆಯ ಮೇಲೆ ಕಂಡರು. ನಮ್ಮ ಯಕ್ಷಗಾನದ ಹಳೆಯ ರಂಗಸ್ಥಳವನ್ನಾದರೂ ನೋಡಬಹುದು. ನಾಲ್ಕು ಕಂಬ, ಮಾವಿನ ಸೊಪ್ಪು, ಕೂಡಲು ಒಂದು ಮಣೆಯಂಥ ರಥ. ಅಷ್ಟರಲ್ಲಿಯೇ ದೇವಲೋಕವೂ ಕುರುಕ್ಷೇತ್ರವೂ ಮೂಡುತ್ತಿದ್ದುವು. ಈ ಮುಂಬಯಿಯಲ್ಲಿಯೇ ೧೯೫೨ರಲ್ಲಿ ಶಾಂತಿ ಬರ್ಧನ್ ಅವರು ಕಟ್ಟಿದ ತಂಡ ರಾಮಾಯಣವನ್ನು ಆಡಿದಾಗ ನರ್ತಕರೇ ಮರದ ಬೊಂಬೆಗಳಂತೆ ಚಲಿಸಿ ಇಡೀ ರಂಗವನ್ನು ಒಂದು ಬೊಂಬೆಯಾಟವನ್ನಾಗಿ ಮಾಡಿದರು. ಅಲ್ಲಿ ಮೈಯೇ ಅಲಂಕಾರ.

ನಮ್ಮ ಭೀಮೆಗೂ ಅದೇ ಸಾಕು. ನೀಲಿ, ಬೂದು, ಹಸುರು ಬಣ್ಣದ ಹಳೆಯ ಸೀರೆಗಳು ಯಾವ ಮನೆಯಲ್ಲಿಲ್ಲ? ಸೀರೆಯೊಂದಕ್ಕೆ ಐದೂವರೆ ಮೀಟರಿನಂತೆ ನಾಲ್ಕನ್ನು ಸೇರಿಸಿ ಹೊಲಿದರೆ ೨೨ ಮೀಟರಿನ ಹೊಳೆಯಾಯಿತು. ಅದನ್ನು ಇಪ್ಪತ್ತು ಮಕ್ಕಳು ಹಿಡಿದುಕೊಳ್ಳಲಿ. ಮೊಣಕಾಲಿನ ಮಟ್ಟದಲ್ಲಿ ಮೆಲ್ಲನೆ ಅಲುಗಿಸಿದರೆ ಮಾಗಿಯ ಹೊಳೆ, ನೆಲಕ್ಕಿಟ್ಟರೆ ಬೇಸಿಗೆ, ತಲೆಯ ಮೇಲಕ್ಕೆತ್ತಿ ರಭಸದಿಂದ ಬೀಸಿದರೆ ಪ್ರವಾಹ. ಹೊಳೆ ಹಿಡಿದ ಮಗುವಿಗೆ ತಾಳ ತಪ್ಪಿದರೂ ಹೊಳೆಗೆ ತಪ್ಪುವುದಿಲ್ಲ. ಅಂಜುಬುರುಕ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾತ್ರವಿಲ್ಲ.

ಹಿಂಬದಿಯ ಪರದೆಗೆ ನಮ್ಮ ಸಲಹೆ ಕೌದಿ. ಹಳೆಯ ಸೀರೆ ಧೋತರಗಳ ತುಂಡುಗಳನ್ನು ಒಂದರ ಮೇಲೊಂದಿಟ್ಟು ಸಾಲುಸಾಲಾಗಿ ಹೊಲಿದ ಕೌದಿಯಿಲ್ಲದೆ ಉತ್ತರ ಕರ್ನಾಟಕದ ಮನೆಯಿಲ್ಲ. ಊರು ಬಿಟ್ಟು ಬರುವಾಗ ಗಂಟಿನಲ್ಲಿ ಮೊದಲು ಕಟ್ಟುವುದು ಅದನ್ನೇ. ಅಂಥ ಹತ್ತು ಹನ್ನೆರಡು ಕೌದಿಗಳನ್ನು ಒಗೆಸಿ, ಹಗ್ಗಕ್ಕೆ ಸೇಫ್ಟಿಪಿನ್ನುಗಳಿಂದ ಒತ್ತಾಗಿ ತೂಗುಹಾಕಿದರೆ ಅದು ಎರೆಹೊಲದ ಪಟ್ಟೆಗಳಂತೆಯೇ ಕಾಣುವುದು. ಪ್ರತಿಯೊಂದಕ್ಕೂ ಮನೆಯವರ ಹೆಸರು ಬರೆದ ಚೀಟಿ ಕಟ್ಟಿ ಮರುದಿನವೇ ಹಿಂತಿರುಗಿಸಬೇಕು. ಏಕೆಂದರೆ ಚಳಿಗಾಲ, ಮತ್ತು ಕೆಲವು ಮನೆಗಳಲ್ಲಿ ಎರಡನೆಯ ಕೌದಿ ಇರಲಾರದು. ಅಂಥವರಿಂದ ತೆಗೆದುಕೊಳ್ಳಲೇಬಾರದು.

ಕೆಲಸಕ್ಕಿಳಿಯುವವರಿಗೆ ಕೆಲವು ಮಾತು. ರಂಗದ ಹಳದಿ ಬೆಳಕಿನಲ್ಲಿ ಕಡುನೀಲಿ ಕಪ್ಪಾಗಿ ತೋರುವುದಾದುದರಿಂದ ಹೊಳೆಗೆ ತಿಳಿನೀಲಿಯೇ ಲೇಸು. ಪರದೆಯ ಬಣ್ಣವೂ ವೇಷದ ಬಣ್ಣವೂ ಒಂದೇ ಆದರೆ ಮಗು ಪರದೆಯೊಳಗೆ ಮುಳುಗಿಹೋಗುವುದು. ಹಿಂದೆ ಕೌದಿಯ ಹಲವು ಬಣ್ಣಗಳಿದ್ದರೆ ಮುಂದಿನ ಉಡುಪು ಒಂದೇ ಬಣ್ಣದ್ದಿರಲಿ. ರಟ್ಟಿನ ಮೇಲೆ ಬರೆಯುವ ಚಿತ್ರದ ಗೆರೆ ಅಂಗುಲದಷ್ಟಾದರೂ ದಪ್ಪವಿಲ್ಲದಿದ್ದರೆ ಕಡೆಯ ಸಾಲಿನ ಅಜ್ಜನಿಗೆ ಏನೂ ಕಾಣದು. ಹತ್ತು ಸಣ್ಣ ವಸ್ತುಗಳಿಗಿಂತ ಒಂದು ದೊಡ್ಡ ವಸ್ತು ಮೇಲು. ಜೋಳದ ದಂಟು, ಹುಲ್ಲು, ಬಟ್ಟೆ ಇವೆಲ್ಲ ಬೇಗ ಬೆಂಕಿ ಹಿಡಿಯುವಂಥವು. ಕಾಯುವ ದೀಪಗಳಿಂದ ದೂರವಿಡಬೇಕು, ಪಕ್ಕದಲ್ಲಿ ಮರಳಿನ ಬಕೀಟು ಇರಬೇಕು.

ಇದಕ್ಕೆ ಬರುವ ಆಕ್ಷೇಪಣೆಗಳನ್ನು ನಾವು ಅರಿಯದವರಲ್ಲ. ಮಕ್ಕಳಿಗೆ ಬೇಕಾದುದು ಸಿನೆಮಾ ಹಾಡು ಎನ್ನುವರು. ನಿಜ, ಆ ಸಂತೋಷ ಹುಸಿಯೂ ಅಲ್ಲ. ಒಂದು ಹಾಡು ಇರಲಿ, ಕಾರ್ಯಕ್ರಮದ ಕೊನೆಗೆ ಎಲ್ಲರೂ ಕೂಡಿ ಕುಣಿಯಲಿ. ಮೊಬೈಲಿನಲ್ಲಿ ನೋಡಿ ತಾವೇ ಕಲಿತ ಹೆಜ್ಜೆಗೆ ಅಧ್ಯಾಪಕರು ವ್ಯಯಿಸಬೇಕಾದ ಕಾಲವೂ ಕಡಿಮೆ. ಅತಿಥಿಗಳು, ದಾನಿಗಳು ಝಗಝಗಿಸುವುದನ್ನು ಬಯಸುತ್ತಾರೆಂಬ ಮಾತನ್ನು ಮಾತ್ರ ನಾವು ಒಪ್ಪಲಾರೆವು. ಝಗಝಗವನ್ನು ಅವರು ದಿನವೂ ನೋಡುತ್ತಾರೆ. ಇದಕ್ಕಿಂತ ತೂಕದ ಆಕ್ಷೇಪಣೆ ಇನ್ನೊಂದಿದೆ. ಗುಳೆ ಬಂದವರ ಬಡತನವನ್ನು ಅವರ ಮಕ್ಕಳಿಂದಲೇ ಪ್ರದರ್ಶನಕ್ಕಿಡುವುದು ಸರಿಯೆ? ತಾಯಿತಂದೆಗಳು ವರ್ಷಕ್ಕೊಮ್ಮೆ ತಮ್ಮ ಮಗಳನ್ನು ರಾಣಿಯ ವೇಷದಲ್ಲಿ ನೋಡಬಯಸಿದರೆ ಬುಟ್ಟಿ ಹೊರುವವಳ ವೇಷ ಹಾಕಿಸಲು ನಾವು ಯಾರು? ಈ ಪ್ರಶ್ನೆ ನ್ಯಾಯವಾದುದು. ಉತ್ತರವನ್ನು ಅಧ್ಯಾಪಕರ ಕೊಠಡಿಯಲ್ಲಿ ಕುಳಿತು ಕೊಡುವುದು ಸಲ್ಲದು. ಗುಳೆಯ ದೃಶ್ಯ ಇರಬೇಕೆ ಬೇಡವೆ ಎಂಬುದನ್ನು ಪಾಲಕರ ಸಭೆಯೇ ನಿರ್ಧರಿಸಲಿ. ಅವರು ಬೇಡವೆಂದರೆ ಹೊಳೆಯು ಎಳ್ಳಮಾವಾಸ್ಯೆಯ ಹೊಲದಲ್ಲಿಯೇ ನಿಲ್ಲಲಿ. ಹೊಲದಲ್ಲಿ ಇಳಕಲ್ ಸೀರೆಯುಟ್ಟು ಚರಗ ಚೆಲ್ಲುವ ಹುಡುಗಿ ಯಾವ ರಾಣಿಗೂ ಕಡಿಮೆಯಾಗಿ ಕಾಣಳೆಂದು ನಮ್ಮ ಎಣಿಕೆ.

ಕಾಲದ ಲೆಕ್ಕವೊಂದು ಉಳಿದಿದೆ. ದೀಪಾವಳಿಯ ನಂತರ ಪ್ರಾರಂಭಿಸಿದರೆ ಇದು ಆಗದು. ಆಷಾಢ ಏಕಾದಶಿಗೆ ದಿಂಡಿಗಳು ಪಂಢರಪುರಕ್ಕೆ ನಡೆಯುವ ಹೊತ್ತಿಗೆ, ಎಂದರೆ ಶಾಲೆ ತೆರೆದ ಮೊದಲನೆಯ ತಿಂಗಳಲ್ಲಿಯೇ, ವಸ್ತು ಗೊತ್ತಾಗಬೇಕು. ಗಣೇಶನ ಹಬ್ಬಕ್ಕೆ ಊರಿಗೆ ಹೋಗುವ ಮಕ್ಕಳು ಅಜ್ಜಿಯಿಂದ ಒಂದು ಪದವನ್ನು ಬರೆದು ತರಬೇಕು. ಹಳೆಯ ಸೀರೆಗಳಿಗಾಗಿ ಒಂದು ಖಾಲಿ ಕಪಾಟು ಈಗಲೇ ಬೇಕಾಗುವುದು. ಹೊಲಿಗೆಯನ್ನು ಶನಿವಾರದ ಮಧ್ಯಾಹ್ನ ಇಟ್ಟುಕೊಂಡರೆ ಕೆಲಸಕ್ಕೆ ಹೋಗುವ ತಾಯಂದಿರಿಗೆ ಅನುಕೂಲವಾಗದು, ಭಾನುವಾರವೇ ಆಗಬೇಕು. ಅಂದು ಶಾಲೆಯ ಬೀಗ ತೆಗೆಸಲು ಜವಾನರಿಗೆ ಮೊದಲೇ ತಿಳಿಸಿಡಬೇಕು.